ನಲವತ್ತು ದಾಟಿದ ಮೇಲೆ ಆರೋಗ್ಯ ತಪಾಸಣೆ: ಯಾವುದು ಬೇಕು, ಯಾವುದು ಬೇಡ, ಹೇಗೆ ಮಾಡಿಸಬೇಕು

“ನಲವತ್ತೈದು ಆಯ್ತು, ಏನೇನು ಟೆಸ್ಟ್ ಮಾಡಿಸಬೇಕು?” “ಅಪ್ಪನಿಗೆ ಎಪ್ಪತ್ತೆಂಟು, ಫುಲ್ ಬಾಡಿ ಚೆಕಪ್ ಮಾಡಿಸಿದ್ರೆ ಸಾಕಾ?” “ಮೈಯಲ್ಲಿ ಏನೂ ತೊಂದರೆ ಇಲ್ಲ, ಆದ್ರೂ ಬೇಕಾ?” ಈ ಮೂರು ಪ್ರಶ್ನೆ ಎಷ್ಟು ಸಲ ಬಂದಿವೆಯೋ ಲೆಕ್ಕವಿಲ್ಲ. ಒಬ್ಬೊಬ್ಬರಿಗೂ ಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಬೇಕಾದ ಪರೀಕ್ಷೆಗಳು ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ. ಆದರೆ ಅವನ್ನು ಸರಿಯಾಗಿ ಮಾಡಿಸುವುದು, ಬಂದ ಉತ್ತರದ ಬೆನ್ನು ಹತ್ತುವುದು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಕೆಲಸ. ಹೆಚ್ಚಿನವರು ಎಡವುವುದು ಅಲ್ಲೇ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಈ ಲೇಖನ ಯಾವ ತೊಂದರೆಯೂ ಇಲ್ಲದವರಿಗೆ. ಲಕ್ಷಣ ಕಾಣಿಸುವ ಮೊದಲೇ ಕಾಯಿಲೆ ಹುಡುಕುವುದಕ್ಕೆ ಸ್ಕ್ರೀನಿಂಗ್ ಅನ್ನುತ್ತಾರೆ. ನಿಮಗೆ ಈಗಾಗಲೇ ಲಕ್ಷಣ ಇದ್ದರೆ ಸ್ಕ್ರೀನಿಂಗ್ ಮಾತೇ ಬೇಡ, ನೇರ ವೈದ್ಯರ ಹತ್ತಿರ ಹೋಗಿ. ನಡೆಯುವಾಗ ಎದೆ ಬಿಗಿಯುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲೋ ಮೂತ್ರದಲ್ಲೋ ರಕ್ತ, ಸ್ತನದಲ್ಲಿ ಗಂಟು, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತಸ್ರಾವ, ಮೂರು ವಾರವಾದರೂ ಮಾಯದ ಬಾಯಿಹುಣ್ಣು. ಇವುಗಳಲ್ಲಿ ಯಾವುದೇ ಇದ್ದರೂ ಮುಂದಿನ ತಪಾಸಣೆವರೆಗೆ ಕಾಯಬೇಡಿ. “ಹೋದ ವರ್ಷ ರಿಪೋರ್ಟ್ ನಾರ್ಮಲ್ ಇತ್ತಲ್ಲ” ಅಂತ ಸುಮ್ನಿರುವುದು ದೊಡ್ಡ ತಪ್ಪು.

ಹಂತ 1: ಮೊದಲು ಒಂದು ಹಾಳೆ ಬರೆಯಿರಿ

ರಕ್ತ ಕೊಡುವ ಮೊದಲು ಪೆನ್ನು ಹಿಡಿಯಿರಿ. ಯಾರಿಗೆ ಯಾವ ಪರೀಕ್ಷೆ, ಯಾವ ವಯಸ್ಸಿಂದ ಅನ್ನುವುದೆಲ್ಲ ಈ ಹಾಳೆಯ ಮೇಲೆ ನಿಂತಿದೆ.

ತಂದೆ, ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು. ಇವರಲ್ಲಿ ಯಾರಿಗೆ ಯಾವ ಕಾಯಿಲೆ ಬಂತು, ಎಷ್ಟನೇ ವಯಸ್ಸಿಗೆ ಬಂತು ಎಂದು ಬರೆಯಿರಿ. ವಯಸ್ಸು ಬಹಳ ಮುಖ್ಯ. ಅಪ್ಪನಿಗೆ ಎಂಬತ್ತರಲ್ಲಿ ಹೃದಯಾಘಾತ ಆಗಿದ್ದಕ್ಕೂ ನಲವತ್ತೆಂಟರಲ್ಲಿ ಆಗಿದ್ದಕ್ಕೂ ಅಜಗಜಾಂತರ. ಈ ಹತ್ತಿರದ ಸಂಬಂಧಿಕರಲ್ಲಿ ಗಂಡಸರಿಗೆ 55ಕ್ಕಿಂತ ಮೊದಲು, ಹೆಂಗಸರಿಗೆ 65ಕ್ಕಿಂತ ಮೊದಲು ಹೃದಯದ ಕಾಯಿಲೆ ಬಂದಿದ್ದರೆ ನಿಮ್ಮ ಅಪಾಯವೂ ಜಾಸ್ತಿ ಅಂತ ಲೆಕ್ಕ.

ಸಿಗರೇಟು ಸೇದುವವರು, ಮೊದಲು ಸೇದಿ ಬಿಟ್ಟವರು ‘ಪ್ಯಾಕ್-ವರ್ಷ’ ಲೆಕ್ಕ ಹಾಕಿಡಿ. ದಿನಕ್ಕೆ ಎಷ್ಟು ಪ್ಯಾಕ್ ಸೇದುತ್ತಿದ್ದಿರೋ ಅದನ್ನು ಸೇದಿದ ವರ್ಷಗಳಿಂದ ಗುಣಿಸಿದರೆ ಆಯಿತು. ಒಂದು ಪ್ಯಾಕ್ ಅಂದರೆ 20 ಸಿಗರೇಟು. ದಿನಕ್ಕೆ 10 ಸಿಗರೇಟಿನಂತೆ 30 ವರ್ಷ ಸೇದಿದವರದು 15 ಪ್ಯಾಕ್-ವರ್ಷ.

ಹೆಂಗಸರು ಸಾಮಾನ್ಯವಾಗಿ ಮರೆಯುವ ಒಂದು ವಿಷಯ ಇದೆ: ಬಸಿರಲ್ಲಿ ಶುಗರ್ ಅಥವಾ ಬಿಪಿ ಬಂದಿತ್ತಾ? ಹೆರಿಗೆಯಾದ ಮೇಲೆ ಸರಿಹೋಯಿತು ಅಂತ ಮನೆಯವರೆಲ್ಲ ಮರೆತುಬಿಡುತ್ತಾರೆ. ಆದರೆ ಅಂಥವರಿಗೆ ಮುಂದೆ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ. ಇಪ್ಪತ್ತು ವರ್ಷದ ಹಿಂದಿನ ಮಾತಾದರೂ ಬರೆಯಿರಿ. ಮುಟ್ಟು ತೀರಾ ಬೇಗ, ಅಂದರೆ 45ಕ್ಕಿಂತ ಮೊದಲೇ ನಿಂತಿದ್ದರೆ ಅದನ್ನೂ ಸೇರಿಸಿ. ಮೂಳೆಯ ವಿಚಾರಕ್ಕೆ ಬೇಕಾಗುತ್ತದೆ.

ಕೊನೆಗೆ ಸೊಂಟದ ಸುತ್ತಳತೆ. ಪ್ಯಾಂಟು ಕಟ್ಟುವ ಜಾಗದಲ್ಲಲ್ಲ! ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಉಸಿರು ಬಿಟ್ಟ ಮೇಲೆ ಟೇಪು ಹಿಡಿಯಿರಿ. ಆ ಅಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ತೂಕದ ಯಂತ್ರ ಹೇಳದ ವಿಷಯವನ್ನು ಈ ಟೇಪು ಹೇಳುತ್ತದೆ, ಯಾಕಂದ್ರೆ ಹೊಟ್ಟೆಯ ಒಳಗಿನ ಕೊಬ್ಬೇ ಹೆಚ್ಚು ಕಾಟ ಕೊಡುವುದು.

ಹಂತ 2: ಪ್ಯಾಕೇಜ್ ಕೊಳ್ಳುವ ಮೊದಲು ಈ ಲೆಕ್ಕ ನೋಡಿ

‘ಎಪ್ಪತ್ತು ಪರೀಕ್ಷೆ ಒಂದೇ ಸಲಕ್ಕೆ’ ಅನ್ನುವಂಥ ಜಾಹೀರಾತು ನೋಡಿರುತ್ತೀರಿ. ಜಾಸ್ತಿ ಪರೀಕ್ಷೆ ಅಂದರೆ ಜಾಸ್ತಿ ಸುರಕ್ಷಿತ ಅಂತ ಅನ್ನಿಸುವುದು ಸಹಜ. ವಿಷಯ ಹಾಗಿಲ್ಲ.

ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತ ಒಂದು ಮಿತಿ ಕೊಟ್ಟಿರುತ್ತಾರಲ್ಲ, ಅದು ಎಲ್ಲಿಂದ ಬಂತು? ಹೆಚ್ಚಿನ ಪರೀಕ್ಷೆಗಳಲ್ಲಿ ಆರೋಗ್ಯವಂತರ ಒಂದು ಗುಂಪನ್ನು ಅಳೆದು, ನಡುವಿನ 95% ಮಂದಿ ಎಲ್ಲಿ ಬರುತ್ತಾರೋ ಅದನ್ನೇ ಮಿತಿ ಅನ್ನುತ್ತಾರೆ. ಅಂದರೆ ಪೂರ್ತಿ ಗಟ್ಟಿಮುಟ್ಟಾಗಿರುವ ನೂರು ಜನರಲ್ಲಿ ಐವರು ಮಿತಿಯ ಹೊರಗೇ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಿಗೂ ಒಂದಾದರೂ ‘ಅಬ್‌ನಾರ್ಮಲ್’ ಬರುವ ಸಾಧ್ಯತೆ ಸುಮಾರು 64%. ಆಮೇಲೆ ಅದರ ಹಿಂದೆ ಸ್ಕ್ಯಾನು, ಸ್ಕ್ಯಾನಿನ ಹಿಂದೆ ಇನ್ನೊಂದು ಪರೀಕ್ಷೆ, ನಿದ್ದೆಗೆಟ್ಟ ರಾತ್ರಿಗಳು.

ದಕ್ಷಿಣ ಕೊರಿಯಾದಲ್ಲಿ ಆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ತಪಾಸಣೆಗೆ ಹೋದವರಿಗೆ ಥೈರಾಯ್ಡ್ ಸ್ಕ್ಯಾನನ್ನೂ ಸೇರಿಸಿ ಮಾಡುವ ರೂಢಿ ಬೆಳೆಯಿತು. 1993ರಿಂದ 2011ರ ನಡುವೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾದವರ ಪ್ರಮಾಣ ಸುಮಾರು 15 ಪಟ್ಟು ಏರಿತು. ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಜೀವನಪೂರ್ತಿ ತೊಂದರೆ ಕೊಡದೆ ಇರುತ್ತಿದ್ದ ಸಣ್ಣ ಗಂಟುಗಳನ್ನು ಹುಡುಕಿ ಹುಡುಕಿ ಆಪರೇಷನ್ ಮಾಡಿದ್ದರು. ಗ್ರಂಥಿ ತೆಗೆಸಿಕೊಂಡವರು ಸಾಯುವವರೆಗೂ ಮಾತ್ರೆ ನುಂಗಬೇಕು. ಇದಕ್ಕೆ ‘ಅತಿಪತ್ತೆ’ ಅನ್ನಬಹುದು: ಇದ್ದದ್ದು ನಿಜ, ಆದರೆ ಹುಡುಕಬೇಕಾಗಿರಲಿಲ್ಲ.

ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆ 2019ರಲ್ಲಿ, ಸಾಮಾನ್ಯ ಆರೋಗ್ಯ ತಪಾಸಣೆ ಕುರಿತ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿತು. ಎಲ್ಲರಿಗೂ ಒಂದೇ ಬಗೆಯ ಸಾಮಾನ್ಯ ತಪಾಸಣೆ ಮಾಡುವುದರಿಂದ ಒಟ್ಟಾರೆ ಸಾವಿನಲ್ಲಿ ವ್ಯತ್ಯಾಸ ಆಗುವುದೇ ಇಲ್ಲ, ಆದರೂ ತೀರಾ ಕಡಿಮೆ ಅನ್ನುವುದು ಅದರ ತೀರ್ಮಾನ. ಹಾಗಾದರೆ ಎಲ್ಲ ಬಿಟ್ಟುಬಿಡೋಣವಾ? ಬೇಡ. ಕೆಲವೇ ಕೆಲವು ಪರೀಕ್ಷೆಗಳಿಂದ ನಿಜವಾದ ಪ್ರಯೋಜನ ಇದೆ, ಅವನ್ನೇ ಮುಂದಿನ ಹಂತಗಳಲ್ಲಿ ನೋಡೋಣ.

ಯಾವ ಪರೀಕ್ಷೆಯ ಹೆಸರು ಬಂದರೂ ಮೊದಲು ಒಂದು ಪ್ರಶ್ನೆ ಕೇಳಿ: “ಇದು ಕೆಟ್ಟದ್ದು ಬಂದರೆ ಮುಂದೆ ಏನು ಮಾಡ್ತೀವಿ?” ಉತ್ತರ ಸ್ಪಷ್ಟ ಇಲ್ಲದಿದ್ದರೆ ಆ ಪರೀಕ್ಷೆ ಬೇಡ. ಲಕ್ಷಣ ಇಲ್ಲದವರಿಗೆ ಇಡೀ ಮೈಯ ಸಿಟಿ ಸ್ಕ್ಯಾನ್, ಸಿಎ-125, ಸಿಇಎ ತರಹದ, ಕ್ಯಾನ್ಸರಿನ ಸುಳಿವು ಹುಡುಕುವ ‘ಟ್ಯೂಮರ್ ಮಾರ್ಕರ್’ ರಕ್ತ ಪರೀಕ್ಷೆ, ಥೈರಾಯ್ಡ್ ಸ್ಕ್ಯಾನ್ ಈ ಪಟ್ಟಿಯಲ್ಲಿ ಮೊದಲು ಬರುತ್ತವೆ.

ಹಂತ 3: ಬಿಪಿ ಅಳೆಸಿ, ಆದರೆ ಸರಿಯಾಗಿ ಅಳೆಸಿ

ಒಂದೇ ಒಂದು ಪರೀಕ್ಷೆ ಮಾಡಿಸುತ್ತೇನೆ ಅಂದರೆ ಇದನ್ನೇ ಮಾಡಿಸಿ. ಬಿಪಿ ಏರಿದರೆ ಗೊತ್ತಾಗುವುದಿಲ್ಲ. ತಲೆನೋವು, ತಲೆಸುತ್ತು ಬಂದರೆ ಮಾತ್ರ ಬಿಪಿ ಅಂತ ತುಂಬ ಜನ ನಂಬಿದ್ದಾರೆ. ಸುಳ್ಳು. ವರ್ಷಗಟ್ಟಲೆ ಸದ್ದಿಲ್ಲದೆ ಹೃದಯ, ಕಿಡ್ನಿ, ಮೆದುಳಿನ ರಕ್ತನಾಳಗಳನ್ನು ಕೆಡಿಸುತ್ತದೆ.

ಎರಡು ಅಂಕಿ ಯಾಕೆ ಅಂದರೆ, ಮೇಲಿನದು ಹೃದಯ ಹಿಂಡಿದಾಗಿನ ಒತ್ತಡ, ಕೆಳಗಿನದು ಸಡಿಲವಾದಾಗಿನದು. ಕ್ಲಿನಿಕ್ಕಿನಲ್ಲಿ ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಹೈ ಬಿಪಿ ಅನ್ನುತ್ತಾರೆ. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2017ರಲ್ಲಿ ಈ ಗೆರೆಯನ್ನು 130/80ಕ್ಕೆ ಇಳಿಸಿದವು. ಹಾಗಾಗಿ ಇಬ್ಬರು ವೈದ್ಯರು ಎರಡು ಮಾತು ಹೇಳಿದರೆ ಗಾಬರಿ ಬೇಡ.

ಅಳೆಯುವ ಕ್ರಮ ಹೀಗಿರಲಿ. ಅರ್ಧ ಗಂಟೆ ಮೊದಲಿಂದ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನು ಒರಗಿಸಿ, ಪಾದಗಳನ್ನು ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂರಿ. ಕಾಲ ಮೇಲೆ ಕಾಲು ಹಾಕಬೇಡಿ. ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಪಟ್ಟಿ ಬರಿ ತೋಳಿಗೆ ಕಟ್ಟಬೇಕು, ತೋಳಂಗಿಯ ಮೇಲಲ್ಲ. ಅಳೆಯುವಾಗ ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಮೊದಲ ಸಲ ಎರಡೂ ತೋಳಿನಲ್ಲಿ ನೋಡಿ, ಮುಂದೆ ಜಾಸ್ತಿ ಬಂದ ತೋಳನ್ನೇ ಬಳಸಿ.

ಇದೆಲ್ಲ ಅತಿಯಾಯ್ತು ಅನ್ನಿಸುತ್ತದಾ? ನನಗೊಮ್ಮೆ ಮೆಟ್ಟಿಲು ಹತ್ತಿ ಬಂದ ಕೂಡಲೇ ಅಳೆದು 152 ಅಂದರು. ಹತ್ತು ನಿಮಿಷ ಕೂತು ನೋಡಿದರೆ 128. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ, ಕೈ ಜೋತು ಬಿಟ್ಟಿದ್ದರೂ ಇಲ್ಲದ ಬಿಪಿ ಕಾಣಿಸುತ್ತದೆ.

ಕೆಲವರಿಗೆ ಬಿಳಿ ಕೋಟು ಕಂಡರೇ ಬಿಪಿ ಏರುತ್ತದೆ. ಇನ್ನು ಕೆಲವರದು ಉಲ್ಟಾ, ಕ್ಲಿನಿಕ್ಕಿನಲ್ಲಿ ಸರಿ, ಮನೆಯಲ್ಲಿ ಜಾಸ್ತಿ. ಅದಕ್ಕೆ ಸಂಶಯ ಬಂದಾಗ ಮನೆಯಲ್ಲೇ ಒಂದು ವಾರ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಅಳೆದು ಬರೆದಿಡಿ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿಗೆ ಗೆರೆ 135/85. ಯಂತ್ರ ಕೊಳ್ಳುವುದಾದರೆ ತೋಳಿಗೆ ಕಟ್ಟುವಂಥದ್ದು ಕೊಳ್ಳಿ, ಮಣಿಕಟ್ಟಿನದು ಅಷ್ಟು ನಂಬಿಕೆಯದಲ್ಲ.

ಪಟ್ಟಿ ಬಿಚ್ಚುವಾಗ ಮಣಿಕಟ್ಟಿನ ನಾಡಿ ಹಿಡಿದು ಅರ್ಧ ನಿಮಿಷ ನೋಡಿ. ಹೊಡೆತ ತಾಳ ತಪ್ಪಿ, ಒಂದಕ್ಕೊಂದು ಲೆಕ್ಕವೇ ಸಿಗದ ಹಾಗೆ ಬರುತ್ತಿದ್ದರೆ ವೈದ್ಯರಿಗೆ ಹೇಳಿ ಇಸಿಜಿ ಮಾಡಿಸಿ. ಅದು ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಅದುರುವ ತೊಂದರೆ ಅದು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಮೊದಲೇ ಗೊತ್ತಾದರೆ ತಡೆಯಲು ಮಾತ್ರೆ ಇದೆ.

ಹಂತ 4: ರಕ್ತದಲ್ಲಿ ನೋಡಬೇಕಾದ ಮೂರು ವಿಷಯ

ಶುಗರ್. ರಾತ್ರಿಯಿಂದ 8 ಗಂಟೆ ಹಸಿದಿದ್ದು ಕೊಟ್ಟ ರಕ್ತದಲ್ಲಿ 126 ಮಿಲಿಗ್ರಾಂ ಅಥವಾ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆ. 100ರಿಂದ 125ರ ನಡುವೆ ಇದ್ದರೆ ‘ಪ್ರಿಡಯಾಬಿಟೀಸ್’, ಅಂದರೆ ಹೊಸ್ತಿಲಲ್ಲಿ ನಿಂತಿದ್ದೀರಿ ಅಂತ (ವಿಶ್ವ ಆರೋಗ್ಯ ಸಂಸ್ಥೆ ಇದನ್ನು 110ರಿಂದ ಎಣಿಸುತ್ತದೆ). ಎಚ್‌ಬಿಎ1ಸಿ ಅನ್ನುವುದು ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ. ಇದಕ್ಕೆ ಹಸಿದಿರಬೇಕಿಲ್ಲ. 6.5% ಅಥವಾ ಜಾಸ್ತಿ ಇದ್ದರೆ ಕಾಯಿಲೆ, 5.7ರಿಂದ 6.4 ಹೊಸ್ತಿಲು. ಇಲ್ಲೊಂದು ಗುಂಡಿ ಇದೆ: ಈ ಪರೀಕ್ಷೆ ಕೆಂಪು ರಕ್ತಕಣಗಳ ಮೇಲೆ ನಿಂತಿದೆ. ರಕ್ತಹೀನತೆ ಇರುವವರಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಇದು ದಾರಿ ತಪ್ಪಿಸಬಹುದು. ಅಂಥವರು ಹಸಿದ ಹೊಟ್ಟೆಯ ಶುಗರ್ ನಂಬುವುದು ಒಳ್ಳೆಯದು. ಯಾವ ಲಕ್ಷಣವೂ ಇಲ್ಲದೆ ಒಂದೇ ಸಲ ಜಾಸ್ತಿ ಬಂದರೆ ಇನ್ನೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳದೆ ಹಣೆಪಟ್ಟಿ ಹಚ್ಚಿಕೊಳ್ಳಬೇಡಿ.

ಕೊಲೆಸ್ಟ್ರಾಲ್. ಎಲ್‌ಡಿಎಲ್ ರಕ್ತನಾಳದ ಗೋಡೆಗೆ ಹೋಗಿ ಕೂರುವಂಥದ್ದು, ನೋಡಬೇಕಾದ ಮುಖ್ಯ ಅಂಕಿ ಅದೇ. ‘ಒಟ್ಟು ಕೊಲೆಸ್ಟ್ರಾಲ್’ ಒಂದನ್ನೇ ಹಿಡಿದು ತಲೆ ಕೆಡಿಸಿಕೊಳ್ಳಬೇಡಿ. ಎಷ್ಟಿದ್ದರೆ ಮಾತ್ರೆ ಬೇಕು ಅನ್ನುವುದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ವಯಸ್ಸು, ಬಿಪಿ, ಶುಗರ್, ಸಿಗರೇಟು, ಮನೆಯವರ ಇತಿಹಾಸ ಎಲ್ಲ ಸೇರಿಸಿ, ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ ಅಥವಾ ಲಕ್ವದ ಅಪಾಯ ಎಷ್ಟು ಅಂತ ವೈದ್ಯರು ಲೆಕ್ಕ ಹಾಕುತ್ತಾರೆ. “ನನ್ನ ಹತ್ತು ವರ್ಷದ ರಿಸ್ಕ್ ಎಷ್ಟು?” ಅಂತ ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಲಿಪೊಪ್ರೋಟೀನ್-ಎ ಎಂಬ ಪರೀಕ್ಷೆ ಬಗ್ಗೆಯೂ ಕೇಳಿ. ಅದು ಹುಟ್ಟಿನಿಂದ ಬರುವಂಥದ್ದು, ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆ ನೋಡಿದರೆ ಸಾಕು.

ಕಿಡ್ನಿ. ಬಿಪಿ, ಶುಗರ್ ಇರುವವರಿಗೆ ಇದು ಕಡ್ಡಾಯ ಅಂತಲೇ ಹೇಳುತ್ತೇನೆ. ಕ್ರಿಯಾಟಿನಿನ್ (ಮಾಂಸಖಂಡದಿಂದ ಬಂದು ಕಿಡ್ನಿ ಸೋಸಿ ಹೊರಹಾಕುವ ಕಸ) ಅಂಕಿ ನಾರ್ಮಲ್ ಅಂತ ನಂಬಿ ಕೂರಬೇಡಿ. ಸಣಕಲು ಮೈಯ ವಯಸ್ಸಾದವರಲ್ಲಿ ಮಾಂಸಖಂಡ ಕಡಿಮೆ ಇರುವುದರಿಂದ, ಕಿಡ್ನಿ ಸೋತಿದ್ದರೂ ಅದು ಸರಿ ಇದ್ದಂತೆ ಕಾಣುತ್ತದೆ. ಇಜಿಎಫ್‌ಆರ್ ನೋಡಿ, ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತಿದೆ ಎಂಬ ಅಂದಾಜು. ಮೂರು ತಿಂಗಳಾದರೂ 60ಕ್ಕಿಂತ ಕಡಿಮೆಯೇ ಇದ್ದರೆ ಅದು ಕಿಡ್ನಿ ಕಾಯಿಲೆ. ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡಬೇಕು. ಸೋಸುವ ಶಕ್ತಿ ಕುಂದುವ ಮೊದಲೇ ಸೋರಿಕೆ ಶುರುವಾಗಿರಬಹುದು. ಎಷ್ಟೋ ಪ್ಯಾಕೇಜುಗಳಲ್ಲಿ ಎಲ್ಲ ಇರುತ್ತದೆ, ಇದೇ ಇರುವುದಿಲ್ಲ.

ಇವು ಮೂರಲ್ಲದೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಪರೀಕ್ಷೆಗಳನ್ನು ಜೀವನದಲ್ಲಿ ಒಮ್ಮೆಯಾದರೂ ಮಾಡಿಸಿಕೊಳ್ಳುವುದು ಒಳ್ಳೆಯದು. ಇದರಲ್ಲಿ ನಾಚಿಕೆಯ ಮಾತಿಲ್ಲ.

ಹಂತ 5: ರಕ್ತ ಕೊಡುವ ಹಿಂದಿನ ದಿನ

ಹಸಿದಿರಬೇಕು ಅಂದರೆ ನೀರೂ ಕುಡಿಯಬಾರದು ಅಂತಲ್ಲ. ನೀರು ಕುಡಿಯಿರಿ, ಇಲ್ಲದಿದ್ದರೆ ರಕ್ತನಾಳ ಸಿಗದೆ ಎರಡು ಮೂರು ಕಡೆ ಚುಚ್ಚುತ್ತಾರೆ. ಬಿಪಿ ಮಾತ್ರೆ ಎಂದಿನಂತೆ ನುಂಗಿ. ಆದರೆ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಹೊಟ್ಟೆ ಹಸಿದುಕೊಂಡು ಹೋಗಬೇಡಿ, ಶುಗರ್ ಕುಸಿದು ಬೀಳುತ್ತೀರಿ. ಅವನ್ನು ಯಾವಾಗ ತೆಗೆದುಕೊಳ್ಳಬೇಕು ಅಂತ ಮೊದಲೇ ವೈದ್ಯರನ್ನು ಕೇಳಿ.

ಹಿಂದಿನ ದಿನ ಜೋರು ವ್ಯಾಯಾಮ ಮಾಡಿದರೆ ಲಿವರ್ ಪರೀಕ್ಷೆಯ ಅಂಕಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಕಾಣಬಹುದು. ಜ್ವರ ಬಂದು ಎದ್ದ ವಾರದಲ್ಲಿ ಮಾಡಿಸಬೇಡಿ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ನುಂಗುವವರು ಲ್ಯಾಬಿನವರಿಗೆ ಹೇಳಲೇಬೇಕು. ಅದು ಥೈರಾಯ್ಡ್ ಸೇರಿದಂತೆ ಕೆಲವು ಪರೀಕ್ಷೆಗಳನ್ನು ಸುಳ್ಳು ಮಾಡುತ್ತದೆ. ಮುಟ್ಟಿನ ದಿನಗಳಲ್ಲಿ ಮೂತ್ರ, ಮಲದ ಪರೀಕ್ಷೆ ಮುಂದೆ ಹಾಕಿ.

ಹಂತ 6: ಕ್ಯಾನ್ಸರ್ ಸ್ಕ್ರೀನಿಂಗ್

ಎಲ್ಲ ಕ್ಯಾನ್ಸರನ್ನೂ ಹಿಡಿಯುವ ಒಂದೇ ಪರೀಕ್ಷೆ ಇಲ್ಲ. ಒಳ್ಳೆಯ ಪುರಾವೆ ಇರುವುದು ಕೆಲವಕ್ಕೆ ಮಾತ್ರ. ವಯಸ್ಸಿನ ಮಿತಿ ದೇಶದಿಂದ ದೇಶಕ್ಕೆ ಬೇರೆ ಇದೆ.

ದೊಡ್ಡ ಕರುಳು. ಇಲ್ಲಿನ ಕ್ಯಾನ್ಸರ್ ಸಾಮಾನ್ಯವಾಗಿ ಪಾಲಿಪ್ ಎಂಬ ಸಣ್ಣ ಮೊಳಕೆಯಿಂದ ಶುರುವಾಗುತ್ತದೆ. ಅದು ಕ್ಯಾನ್ಸರ್ ಆಗಲು ಸುಮಾರು ಹತ್ತು ವರ್ಷ ಬೇಕು. ಅಷ್ಟರೊಳಗೆ ಕಂಡರೆ ತೆಗೆದು ಹಾಕಬಹುದು, ಕ್ಯಾನ್ಸರೇ ಬರದ ಹಾಗೆ ತಡೆಯಬಹುದು. 45 ಅಥವಾ 50ರಿಂದ ಶುರು ಮಾಡಿ 75ರವರೆಗೆ. ತಂದೆತಾಯಿಗೋ ಒಡಹುಟ್ಟಿದವರಿಗೋ ಬಂದಿದ್ದರೆ 40ಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ.

ದಾರಿ ಎರಡು. ಮೊದಲನೆಯದು ಫಿಟ್, ಅಂದರೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಪರೀಕ್ಷೆ. ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ, ಮನೆಯಲ್ಲೇ ಮಾಡಬಹುದು, ಪಥ್ಯ ಬೇಕಿಲ್ಲ. ಎರಡನೆಯದು ಕೊಲೊನೊಸ್ಕೋಪಿ, ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗೆ ನೋಡುವುದು. ಎಲ್ಲ ಸರಿ ಇದ್ದರೆ ಹತ್ತು ವರ್ಷಕ್ಕೊಮ್ಮೆ ಸಾಕು. ಯಾವುದು ಒಳ್ಳೆಯದು? ನೀವು ನಿಜವಾಗಿ ಮಾಡಿಸಿಕೊಳ್ಳುವಂಥದ್ದು.

ಜನ ಬೀಳುವ ಗುಂಡಿ ಇಲ್ಲಿದೆ. ಫಿಟ್ ಪಾಸಿಟಿವ್ ಬಂದರೆ “ಮೂಲವ್ಯಾಧಿ ಇದೆ, ಅದರಿಂದಲೇ ಇರಬೇಕು” ಅಂತ ತಾವೇ ತೀರ್ಪು ಕೊಟ್ಟುಕೊಳ್ಳುತ್ತಾರೆ. ಇಲ್ಲವೇ ಮತ್ತೊಮ್ಮೆ ಫಿಟ್ ಮಾಡಿಸಿ, ನೆಗೆಟಿವ್ ಬಂತು ಅಂತ ಸಮಾಧಾನ ಪಡುತ್ತಾರೆ. ಎರಡೂ ತಪ್ಪು. ಪಾಸಿಟಿವ್ ಬಂದರೆ ಕೊಲೊನೊಸ್ಕೋಪಿ ಆಗಲೇಬೇಕು. ಅದಕ್ಕೆ ಸಿದ್ಧವಿಲ್ಲ ಅಂದರೆ ಫಿಟ್ ಮಾಡಿಸುವುದರಲ್ಲೇ ಅರ್ಥವಿಲ್ಲ.

ಕೊಲೊನೊಸ್ಕೋಪಿಯಲ್ಲಿ ಕಷ್ಟವಾದದ್ದು ಹಿಂದಿನ ದಿನದ ಭೇದಿ ಔಷಧಿ. ಅರ್ಧಂಬರ್ಧ ಕುಡಿದರೆ ಕರುಳು ಸ್ವಚ್ಛವಾಗುವುದಿಲ್ಲ, ಪಾಲಿಪ್ ಕಣ್ತಪ್ಪುತ್ತದೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಮೊದಲೇ ಹೇಳಿ. ಮಂಪರಿನ ಔಷಧಿ ಕೊಡುವುದರಿಂದ ಜೊತೆಗೆ ಒಬ್ಬರು ಬೇಕು, ಆ ದಿನ ಗಾಡಿ ಓಡಿಸುವ ಹಾಗಿಲ್ಲ.

ಸ್ತನ. ಮ್ಯಾಮೊಗ್ರಾಮ್ ಅಂದರೆ ಸ್ತನದ ಎಕ್ಸ್‌ರೇ. ಅಮೆರಿಕದಲ್ಲಿ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಅನ್ನುತ್ತಾರೆ, ಬ್ರಿಟನ್ನಿನಲ್ಲಿ 50ರಿಂದ ಮೂರು ವರ್ಷಕ್ಕೊಮ್ಮೆ. 40ರಿಂದ 50ರ ನಡುವೆ ಸುಳ್ಳು ಎಚ್ಚರಿಕೆ ಜಾಸ್ತಿ. ಹಾಗಾಗಿ ಆ ವಯಸ್ಸಿನವರು ವೈದ್ಯರ ಹತ್ತಿರ ಮಾತಾಡಿ ನಿರ್ಧರಿಸಿ. ಮುಟ್ಟಾಗುವವರು ಮುಟ್ಟು ಮುಗಿದ ವಾರ ಹೋದರೆ ನೋವು ಕಡಿಮೆ. ಆ ದಿನ ಕಂಕುಳಿಗೆ ಡಿಯೋಡರೆಂಟು, ಪೌಡರು ಹಾಕಬೇಡಿ, ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಕಂಡು ಗೊಂದಲ ಮಾಡುತ್ತವೆ. ಮತ್ತೆ ಕರೆದರು ಅಂದರೆ ಕ್ಯಾನ್ಸರ್ ಅಂತಲ್ಲ. ಹಾಗೆ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಏನೂ ಇರುವುದಿಲ್ಲ.

ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ. ಇದು ಬರುವುದು ಬಹುಪಾಲು ಎಚ್‌ಪಿವಿ ಎಂಬ ವೈರಸ್ಸಿನಿಂದ. ಪ್ಯಾಪ್ ಪರೀಕ್ಷೆ (ಅಲ್ಲಿಂದ ಜೀವಕೋಶ ತೆಗೆದು ನೋಡುವುದು) ಆದರೆ ಮೂರು ವರ್ಷಕ್ಕೊಮ್ಮೆ, ಎಚ್‌ಪಿವಿ ಪರೀಕ್ಷೆ ಆದರೆ ಐದು ವರ್ಷಕ್ಕೊಮ್ಮೆ. ಕನಿಷ್ಠ 35ರೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ ಆಗಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಪರೀಕ್ಷೆಗೆ ಸಂಕೋಚ ಪಟ್ಟುಕೊಂಡು ಮುಂದೂಡುವವರಿಗೆ ಒಂದು ಮಾತು: ಎಚ್‌ಪಿವಿ ಪರೀಕ್ಷೆಗೆ ಮಾದರಿಯನ್ನು ನೀವೇ ತೆಗೆದುಕೊಡುವ ಅವಕಾಶ ಹಲವು ಕಡೆ ಇದೆ, ಕೇಳಿ ನೋಡಿ. “ಮುಟ್ಟು ನಿಂತಿದೆ, ಇನ್ನೇಕೆ” ಅನ್ನಬೇಡಿ. 65ರವರೆಗೂ ಬೇಕು.

ಬಾಯಿ. ತಂಬಾಕು ಜಗಿಯುವವರು, ಸೇದುವವರು, ಕುಡಿಯುವವರು ದಂತವೈದ್ಯರಿಂದ ಬಾಯೊಳಗೆಲ್ಲ ನೋಡಿಸಿಕೊಳ್ಳಿ. ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು ಎಚ್ಚರಿಕೆಯ ಗುರುತು.

ಶ್ವಾಸಕೋಶ. 50 ದಾಟಿ, 20 ಪ್ಯಾಕ್-ವರ್ಷ ಅಥವಾ ಜಾಸ್ತಿ ಸೇದಿದವರಿಗೆ ಮಾತ್ರ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಉಪಯೋಗಕ್ಕೆ ಬರುತ್ತದೆ. ಎದೆಯ ಎಕ್ಸ್‌ರೇ ಇದಕ್ಕೆ ಸಾಲದು.

ಪ್ರಾಸ್ಟೇಟ್, ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ. ಇದರ ಪಿಎಸ್‌ಎ ರಕ್ತ ಪರೀಕ್ಷೆಯನ್ನು ಕೇಳದೆಯೇ ಪ್ಯಾಕೇಜಿನಲ್ಲಿ ಸೇರಿಸಿಬಿಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಎಷ್ಟೋ ಸಲ ನಿಧಾನವಾಗಿ ಬೆಳೆಯುತ್ತದೆ. ಅದನ್ನು ಹುಡುಕಿ ಮಾಡಿದ ಚಿಕಿತ್ಸೆಯಿಂದ ಮೂತ್ರ ಸೋರುವುದು, ಲೈಂಗಿಕ ತೊಂದರೆ ಉಳಿಯಬಹುದು. 55ರಿಂದ 69ರವರು ಲಾಭನಷ್ಟ ತಿಳಿದು ತಾವೇ ನಿರ್ಧರಿಸಬೇಕು. ಅದಾದ ಮೇಲೆ ಸಾಮಾನ್ಯವಾಗಿ ಬೇಡ. ಮಾಡಿಸುವುದಾದರೆ ಹಿಂದಿನ ಎರಡು ದಿನ ಸೈಕಲ್ ಸವಾರಿ, ವೀರ್ಯಸ್ಖಲನ ಬೇಡ. ಮೂತ್ರದ ಸೋಂಕು ಇದ್ದಾಗಲಂತೂ ಮಾಡಿಸಲೇಬೇಡಿ, ಅಂಕಿ ಸುಮ್ನೆ ಏರುತ್ತದೆ.

ಹಂತ 7: ಲ್ಯಾಬಿನಲ್ಲಿ ಸಿಗದ ಪರೀಕ್ಷೆಗಳು

ಕಣ್ಣು. ಗ್ಲಾಕೋಮಾ ನೋವಿಲ್ಲದೆ ಅಂಚಿನಿಂದ ದೃಷ್ಟಿ ಕದಿಯುತ್ತದೆ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಕಣ್ಣಿನ ಒತ್ತಡ ನಾರ್ಮಲ್ ಇದ್ದರೂ ಇದು ಬರಬಹುದು. ಹಾಗಾಗಿ ಕಣ್ಣಿನ ನರವನ್ನೂ ನೋಡಿಸಿ. ಓದುವ ಕನ್ನಡಕಕ್ಕೆ ನಂಬರು ತೆಗೆಸಿದ್ದು ಕಣ್ಣಿನ ತಪಾಸಣೆ ಅಲ್ಲ! ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ ತೋರಿಸಬೇಕು.

ಮೂಳೆ. 65 ದಾಟಿದ ಹೆಂಗಸರಿಗೆ ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್‌ರೇ. ಮುಟ್ಟು ಬೇಗ ನಿಂತವರಿಗೆ, ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡವರಿಗೆ, ಸಣ್ಣದಾಗಿ ಬಿದ್ದರೂ ಮೂಳೆ ಮುರಿದುಕೊಂಡವರಿಗೆ ಇನ್ನೂ ಮೊದಲೇ. ರಿಪೋರ್ಟಿನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಮೂಳೆ ಸವೆತ. ಹಿಮ್ಮಡಿಗೆ ಇಡುವ ಸಣ್ಣ ಯಂತ್ರದ ಅಂಕಿ ನೋಡಿ ಮಾತ್ರೆ ಶುರು ಮಾಡಬೇಡಿ.

ಬೀಳುವುದು. ಮನೆಯಲ್ಲೇ ಹೀಗೆ ಮಾಡಿ ನೋಡಿ: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು? 12 ಅಥವಾ ಜಾಸ್ತಿ ಆದರೆ ಬೀಳುವ ಅಪಾಯ ಇದೆ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಮಲಗಿದ್ದಾಗಿನ ಬಿಪಿಗಿಂತ ಎದ್ದು ನಿಂತಾಗಿನ ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ, ನುಂಗುವ ಮಾತ್ರೆಗಳನ್ನು ವೈದ್ಯರು ಮತ್ತೊಮ್ಮೆ ನೋಡಬೇಕು.

ಮನಸ್ಸು. ಕಳೆದ ಎರಡು ವಾರದಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿತ್ತಾ? ಯಾವುದರಲ್ಲೂ ಆಸಕ್ತಿ ಇರಲಿಲ್ಲವಾ? ಎರಡೇ ಪ್ರಶ್ನೆ. ಒಂದಕ್ಕೆ ಹೌದು ಅಂದರೂ ವೈದ್ಯರಿಗೆ ಹೇಳಿ. “ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ” ಅಂತ ತಳ್ಳಿಹಾಕಬೇಡಿ.

ಲಸಿಕೆಯನ್ನೂ ಇದೇ ಭೇಟಿಯಲ್ಲಿ ಕೇಳಿಬಿಡಿ: ವರ್ಷಕ್ಕೊಮ್ಮೆ ಫ್ಲೂ, ಹತ್ತು ವರ್ಷಕ್ಕೊಮ್ಮೆ ಟೆಟನಸ್, 50 ದಾಟಿದ ಮೇಲೆ ಸರ್ಪಸುತ್ತಿನ ಲಸಿಕೆ ಎರಡು ಡೋಸ್, 65ರ ಹೊತ್ತಿಗೆ ನ್ಯುಮೋನಿಯಾದ್ದು.

ಹಂತ 8: ರಿಪೋರ್ಟ್ ಬಂದ ಮೇಲೆ

ಅರ್ಧ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ ಅನ್ನುವುದು ನನ್ನ ಅನುಮಾನ. ರಿಪೋರ್ಟ್ ಮೊಬೈಲಿಗೆ ಬರುತ್ತದೆ, ಕೆಂಪಕ್ಷರ ಕಂಡರೆ ಇಂಟರ್‌ನೆಟ್ಟಿನಲ್ಲಿ ಹುಡುಕಿ ಹೆದರುತ್ತಾರೆ, ಕಾಣದಿದ್ದರೆ ಮರೆಯುತ್ತಾರೆ. ವೈದ್ಯರಿಗೆ ತೋರಿಸುವುದೇ ಇಲ್ಲ.

ಹೋಗುವಾಗ ಹಂತ 1ರ ಹಾಳೆ, ಹಳೆಯ ರಿಪೋರ್ಟುಗಳು, ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಕೆಂಪಕ್ಷರಕ್ಕಿಂತ ಹಳೆಯ ಅಂಕಿಯ ಜೊತೆ ಹೋಲಿಕೆ ಮುಖ್ಯ. ಹಸಿದ ಹೊಟ್ಟೆಯ ಶುಗರ್ ಮೂರು ವರ್ಷದಲ್ಲಿ 86, 92, 98 ಆಗಿದ್ದರೆ ಮೂರೂ ನಾರ್ಮಲ್ಲೇ, ಆದರೆ ದಾರಿ ಯಾವ ಕಡೆಗೆ ಅನ್ನುವುದು ಕಾಣುತ್ತದೆ ಅಲ್ವಾ? ಹೋಲಿಸುವಾಗ ಅಳತೆಯ ಮಾನ ಒಂದೇನಾ ನೋಡಿ. ಒಂದು ಲ್ಯಾಬಿನವರು ಮಿಲಿಗ್ರಾಂನಲ್ಲೂ ಇನ್ನೊಂದರವರು ಮಿಲಿಮೋಲ್‌ನಲ್ಲೂ ಕೊಡಬಹುದು. ಶುಗರಿನಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಂದರೆ ಲೀಟರಿಗೆ 7 ಮಿಲಿಮೋಲ್.

ಏಳುವ ಮೊದಲು ಮೂರು ಪ್ರಶ್ನೆ ಕೇಳಿ. ಇದರಲ್ಲಿ ಮತ್ತೆ ಮಾಡಿಸಬೇಕಾದದ್ದು ಯಾವುದು? ಈಗಲೇ ಏನು ಬದಲಿಸಬೇಕು? ಮುಂದಿನ ಸಲ ಯಾವಾಗ? ಬರದೆ ಉಳಿದ ರಿಪೋರ್ಟ್ ಇದ್ದರೆ ನೀವೇ ಫೋನ್ ಮಾಡಿ ಕೇಳಿ. “ಕರೆದಿಲ್ಲ ಅಂದರೆ ಎಲ್ಲ ಸರಿ ಇರಬೇಕು” ಅಂತ ಊಹಿಸಬೇಡಿ.

ಹಂತ 9: ಮತ್ತೆ ಯಾವಾಗ, ಎಲ್ಲಿಯವರೆಗೆ

ಬಿಪಿ ವರ್ಷಕ್ಕೊಮ್ಮೆ. ಶುಗರ್ ಸರಿ ಇದ್ದರೆ ಮೂರು ವರ್ಷಕ್ಕೊಮ್ಮೆ, ಹೊಸ್ತಿಲಲ್ಲಿದ್ದರೆ ವರ್ಷಕ್ಕೊಮ್ಮೆ. ಕೊಲೆಸ್ಟ್ರಾಲ್ ಸರಿ ಇದ್ದು ಅಪಾಯ ಕಡಿಮೆ ಇದ್ದರೆ ನಾಲ್ಕೈದು ವರ್ಷಕ್ಕೊಮ್ಮೆ. ಎಲ್ಲವನ್ನೂ ಪ್ರತಿ ವರ್ಷ ಮಾಡಿಸುವ ಅಗತ್ಯ ಇಲ್ಲ.

ನಿಲ್ಲಿಸುವ ಬಗ್ಗೆ ಯಾರೂ ಮಾತಾಡುವುದಿಲ್ಲ. ಕರುಳು, ಸ್ತನದ ಕ್ಯಾನ್ಸರ್ ಸ್ಕ್ರೀನಿಂಗಿನ ಲಾಭ ಕೈಗೆ ಸಿಗಲು ಸುಮಾರು ಹತ್ತು ವರ್ಷ ಬೇಕು. ತೊಂದರೆ ಮಾತ್ರ ಇವತ್ತೇ ಸಿಗುತ್ತದೆ. 75 ದಾಟಿದ ಮೇಲೆ, ಅದರಲ್ಲೂ ಬೇರೆ ದೊಡ್ಡ ಕಾಯಿಲೆ ಇರುವವರಿಗೆ, ಮುಂದುವರಿಸಬೇಕಾ ಅಂತ ಬಿಚ್ಚುಮನಸ್ಸಿನಿಂದ ವೈದ್ಯರನ್ನು ಕೇಳಿ.

ಮೊದಲಲ್ಲಿ ಕೇಳಿದ್ದ ಎಪ್ಪತ್ತೆಂಟರ ಅಪ್ಪನ ವಿಷಯಕ್ಕೆ ಬಂದರೆ, ಫುಲ್ ಬಾಡಿ ಚೆಕಪ್ ಬೇಡ. ಕೂತಾಗ, ನಿಂತಾಗ ಬಿಪಿ ಅಳೆಸಿ. ಕಣ್ಣಿನ ಪೊರೆ ನೋಡಿಸಿ. ಕಿವಿ ಕೇಳುತ್ತಿಲ್ಲ ಅಂದರೆ ಮೊದಲು ಗುಗ್ಗೆ ಕಟ್ಟಿದೆಯಾ ಅಂತ ನೋಡಿಸಿ, ಆಮೇಲೆ ಶ್ರವಣ ಪರೀಕ್ಷೆ. ಹಲ್ಲಿನ ಸೆಟ್ ಸಡಿಲ ಆಗಿ ಊಟ ಕಡಿಮೆಯಾಗಿದೆಯಾ ವಿಚಾರಿಸಿ. ಮಾತ್ರೆಗಳ ಚೀಲ ವೈದ್ಯರ ಮೇಜಿನ ಮೇಲೆ ಸುರಿದು, “ಇದರಲ್ಲಿ ಇನ್ನು ಬೇಡವಾದದ್ದು ಯಾವುದು?” ಅಂತ ಕೇಳಿ.